ವಾಷರ್ ಎಸೀರಿ, ಎಣ್ಣೆ ಎಸೀಬೇಡಿ

ಸೋಮವಾರ ಬೆಳಿಗ್ಗೆ ಆಫೀಸಿನ ಕಾಫಿ ಮಷಿನ್ ಹತ್ತಿರ “ವೀಕೆಂಡ್ ಏನ್ ಮಾಡಿದ್ರಿ?” ಅಂತ ಕೇಳೋದು ನಮ್ಮಲ್ಲೊಂದು ಸಂಪ್ರದಾಯ. ಒಬ್ಬರು ಸಕಲೇಶಪುರದ ಕಡೆ ಚಾರಣ ಹೋಗಿರ್ತಾರೆ, ಇನ್ನೊಬ್ಬರು ಮಗಳನ್ನ ಈಜು ಕ್ಲಾಸಿಗೆ ಸೇರಿಸಿರ್ತಾರೆ, ಮತ್ತೊಬ್ಬರು ಎರಡು ದಿನವೂ ನಿದ್ದೆ ಹೊಡೆದಿರ್ತಾರೆ. ವರ್ಷಕ್ಕೊಂದು ಸೋಮವಾರ ನನ್ನ ಉತ್ತರ ಮಾತ್ರ ಸ್ವಲ್ಪ ಬೇರೆ ಇರುತ್ತೆ. “ಕಾರಿನ ಎಂಜಿನ್ ಆಯಿಲ್ ಬದಲಾಯಿಸಿದೆ.”

“ಓ, ಸರ್ವೀಸಿಗೆ ಬಿಟ್ಟಿದ್ರಾ?”

“ಇಲ್ಲ, ಮನೇಲಿ ನಾನೇ ಬದಲಾಯಿಸಿದೆ.”

ಒಂದರೆಗಳಿಗೆ ಮೌನ. ನಂತರ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: “ಎಷ್ಟು ಉಳೀತು?”

ಉಳಿಯೋದು ಲೇಬರ್ ಚಾರ್ಜು ಮಾತ್ರ. ಅದಕ್ಕೆ ಹೋಲಿಸಿದರೆ ಅರ್ಧ ಭಾನುವಾರ, ಒಂದು ಹಳೇ ಟೀ ಶರ್ಟು ಮತ್ತು ಹೆಂಡತಿಯ ತಾಳ್ಮೆ ಮೂರೂ ಖರ್ಚಾಗುತ್ತವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಅಂದವರು ಸುಟ್ಟ ಎಂಜಿನ್ ಆಯಿಲನ್ನ ನೋಡಿರಲಿಲ್ಲ ಅನ್ಸುತ್ತೆ. ಆ ಕೈಯಲ್ಲಿ ಮೊಸರು ಮುಟ್ಟೋಕೆ ಎರಡು ಸಲ ಸೋಪು ಹಚ್ಚಬೇಕು. ಆದರೂ ನಾನು ಇದನ್ನ ಬಿಟ್ಟಿಲ್ಲ. ಯಾಕೆ ಅಂತ ಹೇಳಬೇಕಾದರೆ, ಒಂದು ಬಳೆಯಂಥ ಸಣ್ಣ ವಸ್ತುವಿನ ಕಥೆ ಹೇಳಬೇಕು.

ನಮ್ಮದು ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ. 2021ರಲ್ಲಿ ಒಂದು ದಿನ ಬೆಳಿಗ್ಗೆ ಕಾರು ತೆಗೆದಾಗ ಪಾರ್ಕಿಂಗ್ ಟೈಲ್ಸ್ ಮೇಲೆ ಎಂಟಾಣೆ ಅಗಲದ ಒಂದು ಕಪ್ಪು ಚುಕ್ಕೆ ಕಾಣಿಸ್ತು. ನನಗಿಂತ ಮೊದಲು ಓನರ್ ಅಂಕಲ್ ಅದನ್ನ ನೋಡಿದ್ದರು. “ಹೊಸ ಟೈಲ್ಸ್ ಕಣಪ್ಪಾ...” ಅಂದರು. ಅವರ ದನಿಯಲ್ಲಿ ಮುಂದಿನ ತಿಂಗಳ ಬಾಡಿಗೆಯ ಛಾಯೆ ಇತ್ತು. ಆ ಚುಕ್ಕೆಗೆ ಒಂದು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದ್ದರು. ಹಾಗಾಗಿ ಈ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ.

ಆ ಮೆಕ್ಯಾನಿಕ್ ಅಣ್ಣ ಕಾರನ್ನ ಮೇಲೆತ್ತಿ, ಎಂಜಿನ್ನಿನ ತಳದಲ್ಲಿರೋ ಡ್ರೈನ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು. ಅದು ಬರಲೇ ಇಲ್ಲ. ಹಿಡಿಕೆಗೆ ಒಂದು ಪೈಪ್ ತೂರಿಸಿ ಜಗ್ಗಿದರು. ಕಿರ್ ಅಂತ ಬಂತು. ಬೋಲ್ಟಿನ ಜೊತೆಗೆ, ಪೆನ್ಸಿಲ್ ಕೆತ್ತಿದಾಗ ಬರುತ್ತಲ್ಲ, ಅಂಥ ಬೆಳ್ಳಗಿನ ಲೋಹದ ಸುರುಳಿಯೂ ಬಂತು. ಬೋಲ್ಟಿನ ಮೈಮೇಲೆ ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪು! ಅಣ್ಣ ಅದನ್ನ ಬೆಳಕಿಗೆ ಹಿಡಿದು ಪೋಸ್ಟ್‌ಮಾರ್ಟಂ ವರದಿ ಕೊಟ್ಟರು.

“ನೋಡಿ ಸಾರ್, ವಾಷರ್ ಹಳೇದೇ ಹಾಕಿದಾರೆ. ಅದು ಲೀಕ್ ಆಗಿದೆ. ಲೀಕ್ ಆಯ್ತು ಅಂತ ಇನ್ನೂ ಟೈಟ್ ಮಾಡಿದಾರೆ. ಏರ್ ಗನ್ನಲ್ಲಿ ಹೊಡೆದಿದಾರೆ. ಥ್ರೆಡ್ ಹೋಯ್ತು. ಥ್ರೆಡ್ ಹೋಗಿದ್ದು ಗೊತ್ತಾಗಬಾರದು ಅಂತ ಟೇಪ್ ಸುತ್ತಿದಾರೆ. ಈಗ ಚೇಂಬರ್ರೇ ಚೇಂಜ್ ಮಾಡಬೇಕು.”

ಚೇಂಬರ್ ಅಂದರೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲೋ ತಟ್ಟೆ. ಪುಸ್ತಕದಲ್ಲಿ ಆಯಿಲ್ ಪ್ಯಾನ್ ಅಂತಾರೆ, ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್. ಹೊಸ ಚೇಂಬರ್, ಅದನ್ನ ಅಂಟಿಸೋ ಗಮ್ಮು, ಹೊಸ ಎಣ್ಣೆ, ಲೇಬರ್ ಎಲ್ಲ ಸೇರಿ ಸಾವಿರಗಟ್ಟಲೆ ಆಯ್ತು. ಇಷ್ಟಕ್ಕೆಲ್ಲ ಕಾರಣವಾದ ವಾಷರ್ ಬೆಲೆ ಎಷ್ಟು ಗೊತ್ತಾ? ದರ್ಶಿನಿಯಲ್ಲಿ ಒಂದು ಕಾಫಿ ಕುಡಿಯೋ ದುಡ್ಡು. ಆ ಹೊತ್ತಿನಲ್ಲಿ ನನಗೆ ಬೇಜಾರಿಗಿಂತ ಕುತೂಹಲವೇ ಜಾಸ್ತಿ ಆಯ್ತು. ಒಂದು ತೆಳ್ಳನೆ ಬಳೆ ಇಷ್ಟೆಲ್ಲ ಹೇಗೆ ಮಾಡಿಸ್ತು?

ಇದರ ಲೆಕ್ಕಾಚಾರ ಕೇಳೋಕೆ ಚೆನ್ನಾಗಿದೆ. ಬೋಲ್ಟಿನ ತಲೆ, ಚೇಂಬರಿನ ಮೈ ಎರಡೂ ಕಣ್ಣಿಗೆ ನುಣುಪಾಗಿ ಕಾಣುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಎರಡರಲ್ಲೂ ಗುಡ್ಡ, ಕಣಿವೆ, ಗೀರು. ಒಂದರ ಮೇಲೊಂದು ಎಷ್ಟೇ ಒತ್ತಿದರೂ ನಡುವೆ ಸಂದು ಉಳಿಯುತ್ತೆ. ಬಿಸಿಯಾಗಿ ನೀರಿನ ಹಾಗೆ ತೆಳ್ಳಗಾದ ಎಣ್ಣೆಗೆ ಅಷ್ಟು ದಾರಿ ಸಾಕು. ಅದಕ್ಕೇ ನಡುವೆ ಒಂದು ಮೆತ್ತನೆಯ ಲೋಹದ ಬಳೆ ಇಡ್ತಾರೆ. ಹೋಂಡಾದಲ್ಲಿ ಅದು 14 ಮಿಲಿಮೀಟರ್ ಬೋಲ್ಟಿಗೆ ಕೂರೋ ಅಲ್ಯೂಮಿನಿಯಮ್ ವಾಷರ್. ಬೋಲ್ಟ್ ಬಿಗಿ ಮಾಡಿದಾಗ ಬೋಲ್ಟೂ ಜಗ್ಗಲ್ಲ, ಚೇಂಬರೂ ಜಗ್ಗಲ್ಲ, ನಡುವೆ ಇರೋ ವಾಷರ್ ಅಪ್ಪಚ್ಚಿ ಆಗುತ್ತೆ. ಹಾಗೆ ಅಪ್ಪಚ್ಚಿ ಆಗ್ತಾ ಎರಡೂ ಕಡೆಯ ಗುಂಡಿಗಳನ್ನ ತುಂಬಿಕೊಳ್ಳುತ್ತೆ. ಸೋರದ ಹಾಗೆ ತಡೆಯೋದು ಬೋಲ್ಟಿನ ಬಿಗಿಯಲ್ಲ, ವಾಷರಿನ ಮೆದುತನ.

ಆದರೆ ಈ ಕೆಲಸ ಅದು ಸರಿಯಾಗಿ ಮಾಡೋದು ಒಂದೇ ಸಲ. ಒಮ್ಮೆ ಜಜ್ಜಿದ ಲೋಹ ಗಡುಸಾಗುತ್ತೆ. ಅದರ ಮೈಮೇಲೆ ಹಳೇ ಬೋಲ್ಟಿನ ಅಚ್ಚೂ ಮೂಡಿರುತ್ತೆ. ಎರಡನೇ ಸಲ ಹಾಕಿದರೆ ಆ ಅಚ್ಚು ಅದೇ ಜಾಗಕ್ಕೆ ಕೂರಲ್ಲ, ಹೊಸದಾಗಿ ಜಗ್ಗೋ ಮೆದುತನವೂ ಉಳಿದಿರಲ್ಲ. ಎಷ್ಟೋ ಸಲ ಸೋರದೇ ಪಾರಾಗುತ್ತೆ ನಿಜ. ಸೋರಿದಾಗ ಮಾತ್ರ ಸ್ಪ್ಯಾನರ್ ಹಿಡಿದವನಿಗೆ ಹೊಳೆಯೋದು ಒಂದೇ ಉಪಾಯ, ಇನ್ನಷ್ಟು ಬಿಗಿ ಮಾಡೋದು. ಈಗಿನ ಎಷ್ಟೋ ಕಾರುಗಳಲ್ಲಿ ಚೇಂಬರ್ ಅಲ್ಯೂಮಿನಿಯಮ್ಮಿನದು, ಬೋಲ್ಟ್ ಉಕ್ಕಿನದು. ಇಬ್ಬರ ಜಗಳದಲ್ಲಿ ಸೋಲೋದು ಯಾರು ಅಂತ ಬೇರೆ ಹೇಳಬೇಕಾ?

ಎಲ್ಲ ಕಾರಿಗೂ ಒಂದೇ ನಮೂನೆಯ ವಾಷರ್ ಇರಲ್ಲ. ಕೆಲವಕ್ಕೆ ತಾಮ್ರದ್ದು, ಕೆಲವಕ್ಕೆ ಲೋಹದ ಬಳೆಗೆ ರಬ್ಬರ್ ಅಂಟಿಸಿದ್ದು. ಫೋಕ್ಸ್‌ವ್ಯಾಗನ್, ಸ್ಕೋಡಾದ ಎಷ್ಟೋ ಕಾರುಗಳಲ್ಲಿ ವಾಷರ್ ಬೋಲ್ಟಿಗೇ ಕೂಡಿಕೊಂಡು ಬರುತ್ತೆ, ಬೋಲ್ಟನ್ನೇ ಬದಲಾಯಿಸಬೇಕು. ನಿಮ್ಮ ಕಾರಿನದು ಯಾವುದು ಅಂತ ಪಾರ್ಟ್ ನಂಬರ್ ಸಮೇತ ತಿಳ್ಕೊಂಡು ಜೆ.ಸಿ. ರಸ್ತೆಗೆ ಹೋದರೆ ಸಾಕು. ನಾನು ಒಂದೇ ಸಲ ಐದು ತಂದಿಟ್ಟಿದೀನಿ. ಅಂಗಡಿಯವರು “ಐದು ಕಾರ್ ಇದ್ಯಾ ಸಾರ್?” ಅಂತ ಕೇಳಿದರು.

ಇಲ್ಲಿ ನಮ್ಮಪ್ಪ ಬರಬೇಕು. ಯಾಕಂದ್ರೆ ಹಳೇ ವಾಷರ್ ಎಸೆಯೋದು ನಮ್ಮ ಮನೆಯಲ್ಲಿ ಪಾಪದ ಕೆಲಸ.

ನಮ್ಮೂರು ತೀರ್ಥಹಳ್ಳಿ ಕಡೆ. ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ ತೋಟ, ಒಂದು ಟಿಲ್ಲರ್. ಅಟ್ಟದ ಮೇಲೆ ಒಂದು ಹಾರ್ಲಿಕ್ಸ್ ಬಾಟಲಿ ಇದೆ. ಅದರಲ್ಲಿ ನನ್ನ ವಯಸ್ಸಿನ ನಟ್ಟು, ಬೋಲ್ಟು, ವಾಷರುಗಳಿವೆ. ಟಿಲ್ಲರಿನ ಡೀಸೆಲ್ ಪೈಪಿನ ಜಾಯಿಂಟಲ್ಲಿ, ಆಯಿಲ್ ಬೋಲ್ಟಲ್ಲಿ ತಾಮ್ರದ ವಾಷರ್ ಇರ್ತಿತ್ತು. ಪ್ರತಿ ಸಲ ಬಿಚ್ಚಿದಾಗ ಅಪ್ಪ ಅದನ್ನ ಒಂದು ತಂತಿಗೆ ಪೋಣಿಸಿ ಬಚ್ಚಲೊಲೆಯ ಕೆಂಡಕ್ಕೆ ಹಿಡೀತಿದ್ದ. ಕೆಂಪಗೆ ಆದಮೇಲೆ ತೆಗೆದು ಚೊಂಬಿನ ನೀರಿಗೆ ಹಾಕಿದರೆ ಚೊಂಯ್ ಅಂತ ಸದ್ದು. ನಮಗೆ ಆ ಸದ್ದು ಕೇಳೋದೇ ಆಟ. ಹೊರಗೆ ಬಂದ ವಾಷರ್ ಹೊಸ ತಾಮ್ರದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿರ್ತಿತ್ತು.

ನನಗೆ ಆಗ ಒಂದು ಅನುಮಾನ ಇತ್ತು. ಊರಿನ ಆಚಾರಿ ಕತ್ತಿಯನ್ನ ಕುಲುಮೆಯಲ್ಲಿ ಕಾಯಿಸಿ ನೀರಿಗೆ ಅದ್ದೋದು ಅದು ಗಟ್ಟಿಯಾಗಲಿ ಅಂತ. ಅಪ್ಪ ವಾಷರನ್ನ ಕಾಯಿಸಿ ನೀರಿಗೆ ಹಾಕೋದು ಅದು ಮೆತ್ತಗಾಗಲಿ ಅಂತ. ಒಂದೇ ಬೆಂಕಿ, ಒಂದೇ ನೀರು, ಎರಡು ಫಲ! ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಮೆಟೀರಿಯಲ್ ಸೈನ್ಸ್ ಓದೋವಾಗ ಉತ್ತರ ಸಿಕ್ತು. ಉಕ್ಕನ್ನ ಕೆಂಪಗೆ ಕಾಯಿಸಿ ಸರಕ್ಕನೆ ತಣಿಸಿದರೆ ಅದರೊಳಗಿನ ಕಾರ್ಬನ್ ಸಿಕ್ಕಿಹಾಕಿಕೊಂಡು ಲೋಹ ಗಡುಸಾಗುತ್ತೆ. ತಾಮ್ರದಲ್ಲಿ ಆ ಆಟ ಇಲ್ಲ. ಅಲ್ಲಿ ಕಾಯಿಸೋದೇ ಮುಖ್ಯ. ಜಜ್ಜಿ ಗಡುಸಾಗಿದ್ದ ಲೋಹದ ಕಣಗಳು ಬಿಸಿಗೆ ಮತ್ತೆ ಹೊಸದಾಗಿ ಕಟ್ಟಿಕೊಂಡು ಮೆತ್ತಗಾಗುತ್ತವೆ. ನೀರಿಗೆ ಹಾಕೋದು ಬೇಗ ತಣ್ಣಗಾಗಲಿ, ಮೇಲಿನ ಕಪ್ಪು ಉದುರಲಿ ಅಂತ ಅಷ್ಟೇ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ಹಾಲ್ ತುಂಬ ನಮ್ಮ ಬಚ್ಚಲೊಲೆಯ ಹೊಗೆ ಬಂದಂಗಾಗಿತ್ತು.

ಅಪ್ಪನ ಈ ವಿದ್ಯೆ ನನ್ನ ಕಾರಿಗೆ ಮಾತ್ರ ನಡೆಯಲ್ಲ. ಅಲ್ಯೂಮಿನಿಯಮ್ಮಿಗೆ ತಾಮ್ರದ ಹಾಗೆ ‘ಈಗ ಸಾಕು’ ಅಂತ ಕೆಂಪಗಾಗಿ ಹೇಳೋ ಗುಣ ಇಲ್ಲ. ಹಗಲು ಬೆಳಕಿನಲ್ಲಿ ಬಣ್ಣವೇ ಬದಲಾಗದೆ 660 ಡಿಗ್ರಿಗೆ ಸೀದಾ ಕರಗಿ ಕೂರುತ್ತೆ. ಆದ್ದರಿಂದ ಅದನ್ನ ಎಸೆಯೋದೇ ಸರಿ.

ಇನ್ನು ಎಣ್ಣೆ ಇಳಿಸೋ ವಿಚಾರಕ್ಕೆ ಬರೋಣ. ನೀವೂ ಮಾಡೋ ಮನಸ್ಸಿದ್ದರೆ ಇಷ್ಟು ನೆನಪಿಡಿ. ಮೊದಲನೇದು ಪ್ರಾಣಕ್ಕೆ ಸಂಬಂಧಪಟ್ಟಿದ್ದು. ಬರೀ ಜಾಕ್ ಮೇಲೆ ನಿಂತಿರೋ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಜಾಕ್ ಇರೋದು ಎತ್ತೋಕೆ, ಹೊತ್ತು ನಿಲ್ಲೋಕೆ ಸ್ಟ್ಯಾಂಡ್ ಅಥವಾ ರ‍್ಯಾಂಪ್ ಬೇಕು. ಎರಡನೇದು, ಎಂಜಿನ್ ಬೆಚ್ಚಗಿರಬೇಕು, ಕುದೀತಾ ಇರಬಾರದು. ತಣ್ಣಗಿದ್ದರೆ ಎಣ್ಣೆ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಇಳಿಯುತ್ತೆ, ಕೊಳೆ ಚೇಂಬರಿನ ತಳದಲ್ಲೇ ಉಳಿಯುತ್ತೆ. ಈಗಷ್ಟೇ ಹೊರ ವರ್ತುಲ ರಸ್ತೆಯಿಂದ ಬಂದ ಕಾರಾದರೆ ಕೈ ಸುಡುತ್ತೆ. ನಾನು ಹತ್ತಿರದ ಅಂಗಡಿಗೆ ಹೋಗಿ ಹಾಲು ತಂದು, ಮನೆಯಲ್ಲಿ ಕಾಫಿ ಕುಡಿದು ಮುಗಿಸ್ತೀನಿ. ಅಷ್ಟರಲ್ಲಿ ಹದಕ್ಕೆ ಬಂದಿರುತ್ತೆ.

ಬೋಲ್ಟ್ ಬಿಚ್ಚೋ ಮೊದಲು ಮೇಲೆ ಎಣ್ಣೆ ಹಾಕೋ ಮುಚ್ಚಳ ತೆಗೀರಿ. ಗಾಳಿ ಆಡಿದರೆ ಎಣ್ಣೆ ಗುಳುಗುಳು ಅನ್ನದೆ ಒಂದೇ ಸಮ ಇಳಿಯುತ್ತೆ. ಹದಿನೇಳರ ಸ್ಪ್ಯಾನರಿನಲ್ಲಿ ಸಡಿಲ ಮಾಡಿ, ಆಮೇಲೆ ಕೈಯಲ್ಲಿ ತಿರುಗಿಸುವಾಗ ಬೋಲ್ಟನ್ನ ಒಳಕ್ಕೆ ಒತ್ತಿಕೊಂಡೇ ತಿರುಗಿಸಿ. ಕೊನೇ ಸುತ್ತು ಬಿಟ್ಟಿದ್ದು ಕೈಗೇ ಗೊತ್ತಾಗುತ್ತೆ. ಆಗ ಸರಕ್ಕನೆ ಕೈ ಹಿಂದಕ್ಕೆ. ಎಣ್ಣೆಯ ಧಾರೆ ಶುರುವಿನಲ್ಲಿ ಜೋರಾಗಿ ಮುಂದಕ್ಕೆ ಹಾರುತ್ತೆ, ಒತ್ತಡ ಇಳಿದ ಹಾಗೆ ಹಿಂದೆ ಬಂದು ನೇರ ಬೀಳುತ್ತೆ. ಆದ್ದರಿಂದ ಕೆಳಗಿಡೋ ತಟ್ಟೆ ಅಗಲವಾಗಿರಲಿ. ಗಾಳಿ ಇದ್ದರೆ ಕೊನೆಯ ಎಳೆ ಎತ್ತ ಬೇಕಾದರೂ ವಾಲುತ್ತೆ. ನಮ್ಮ ಓನರ್ ಅಂಕಲ್ ಟೈಲ್ಸ್ ನೆನೆದು ನಾನು ಕೆಳಗೆ ನಾಲ್ಕು ದಿನದ ಪೇಪರ್, ಅದರ ಮೇಲೆ ರಟ್ಟು ಹಾಸ್ತೀನಿ.

ಆಮೇಲಿನ ಕೆಲಸ ಅಂದರೆ ಸುಮ್ಮನೆ ಕೂತ್ಕೊಳ್ಳೋದು. ಧಾರೆ ಎಳೆಯಾಗುತ್ತೆ, ಎಳೆ ಹನಿಯಾಗುತ್ತೆ, ಹನಿಗಳ ನಡುವಿನ ಅಂತರ ಜಾಸ್ತಿ ಆಗ್ತಾ ಹೋಗುತ್ತೆ. ಗ್ಯಾರೇಜಿನಲ್ಲಿ ಹಿಂದೆ ಇನ್ನೂ ಹತ್ತು ಕಾರು ಸಾಲು ನಿಂತಿರ್ತವೆ, ಹೀಗೆ ಹನಿ ಎಣಿಸುತ್ತಾ ಕೂರೋಕೆ ಅವರಿಗೆ ಪುರುಸೊತ್ತಿಲ್ಲ. ಹಾಗಂತ ರಾತ್ರಿಯಿಡೀ ಬಿಡಬೇಕಾಗೂ ಇಲ್ಲ. ಎಷ್ಟೇ ಕಾದರೂ ಎಂಜಿನ್ನಿನ ಸಂದುಗೊಂದುಗಳಲ್ಲಿ ಒಂದಷ್ಟು ಹಳೇ ಎಣ್ಣೆ ಉಳಿದೇ ಉಳಿಯುತ್ತೆ. ಕಾರು ಸಮತಟ್ಟಾಗಿ ನಿಂತಿದೆಯಾ ಅನ್ನೋದೇ ಹೆಚ್ಚು ಮುಖ್ಯ. ಮುಂದಿನ ಚಕ್ರ ಮಾತ್ರ ಎತ್ತಿದ್ದರೆ, ಬೋಲ್ಟ್ ಯಾವ ಕಡೆ ಇದೆ ಅನ್ನೋದರ ಮೇಲೆ ಚೇಂಬರಿನ ಇನ್ನೊಂದು ಮೂಲೆಯಲ್ಲಿ ಎಣ್ಣೆ ನಿಂತುಬಿಡಬಹುದು. ಈ ಬಿಡುವಿನಲ್ಲಿ ಫಿಲ್ಟರನ್ನೂ ಬದಲಾಯಿಸಿಕೊಳ್ಳಿ. ಹಳೇ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದೆಯಾ ಅಂತ ನೋಡೋದು ಮರೀಬೇಡಿ.

ವಾಷರಿಗೂ ಈ ಅಂಟಿಕೊಳ್ಳೋ ಚಾಳಿ ಇದೆ. ಬೋಲ್ಟ್ ಬಂದರೂ ಹಳೇ ವಾಷರ್ ಚೇಂಬರಿಗೆ ಕಚ್ಚಿಕೊಂಡು, ಅದರ ಒಂದು ಭಾಗವೇನೋ ಅನ್ನೋ ಹಾಗೆ ಕೂತಿರುತ್ತೆ. ನೋಡದೆ ಹೊಸದನ್ನ ಹಾಕಿದರೆ ಎರಡಾಗುತ್ತೆ. ಹಳೇ ಪ್ರೋಸೆಸ್ಸನ್ನ ಕಿಲ್ ಮಾಡದೆ ಅದೇ ಪೋರ್ಟಿನಲ್ಲಿ ಹೊಸದನ್ನ ಶುರು ಮಾಡೋಕೆ ಹೋದಂಗೆ. ಉಗುರಲ್ಲಿ ಮೀಟಿ ನೋಡಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹೊಸ ವಾಷರ್ ಪೋಣಿಸಿದ ಬೋಲ್ಟನ್ನ ಬರಿಗೈಯಲ್ಲೇ ತಿರುಗಿಸಿ. ಕೊನೇವರೆಗೂ ಬೆರಳಲ್ಲೇ ಸಲೀಸಾಗಿ ಹೋಗಬೇಕು. ನಡುವೆ ಗಟ್ಟಿ ಅನ್ನಿಸಿದರೆ ಥ್ರೆಡ್ ಅಡ್ಡ ಹತ್ತಿದೆ ಅಂತ ಅರ್ಥ, ವಾಪಸ್ ತೆಗೀರಿ.

ಕೊನೆಗೆ ಬಿಗಿ. ನಮ್ಮ ಕಾರಿನ ಬೋಲ್ಟಿಗೆ ಕಂಪನಿ ಹೇಳಿರೋ ಬಿಗಿ 39 ನ್ಯೂಟನ್ ಮೀಟರ್. ಅಂದರೆ ಕಾಲು ಮೀಟರ್ ಉದ್ದದ ಹಿಡಿಕೆಯ ತುದಿಗೆ ಸುಮಾರು 16 ಕಿಲೋ ನೇತುಹಾಕಿದಷ್ಟು. ಅದೇ ಕಾರಿನ ಚಕ್ರದ ನಟ್ಟಿಗೆ 108. ಚಕ್ರದ ನಟ್ಟಿಗೆ ಹೊಡೆಯೋ ಏರ್ ಗನ್ನನ್ನ ಚೇಂಬರಿಗೂ ಹೊಡೆದರೆ ಏನಾಗುತ್ತೆ ಅಂತ ಈ ಎರಡು ಅಂಕಿಗಳೇ ಹೇಳುತ್ತವೆ. ನಾನು ಎಸ್.ಪಿ. ರಸ್ತೆಯಿಂದ ಒಂದು ಟಾರ್ಕ್ ರೆಂಚ್ ತಂದೆ. ಹೇಳಿದಷ್ಟು ಬಿಗಿ ಆದ ಕೂಡಲೇ ಟಕ್ ಅನ್ನುತ್ತೆ, ಅಲ್ಲಿಗೆ ನಿಲ್ಲಿಸಬೇಕು. ಅಪ್ಪನಿಗೆ ಅದನ್ನ ತೋರಿಸಿದಾಗ ನಕ್ಕಿದ್ದ. “ಬೋಲ್ಟ್ ಕೂತಿದ್ದು ಕೈಗೆ ಗೊತ್ತಾಗ್ತದೆ ಕಣಾ, ಟಕ್ ಅನ್ನೋಕೆ ಇನ್ನೊಬ್ಬ ಯಾಕೆ?” ಅಂದಿದ್ದ. ನಲವತ್ತು ವರ್ಷ ಟಿಲ್ಲರ್ ಬಿಚ್ಚಿ ಜೋಡಿಸಿದ ಕೈ ಅದು. ಕೀಬೋರ್ಡ್ ಕುಟ್ಟೋ ಕೈಗೆ ಟಕ್ ಅನ್ನೋನು ಬೇಕು.

ಇಲ್ಲಿಗೆ ಹೊಸ ಎಣ್ಣೆ ಹಾಕಿ, ಒಂದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ, ಬೋಲ್ಟಿನ ಸುತ್ತ ಒಣಗಿದೆಯಾ ಅಂತ ನೋಡಿದರೆ ಕಾರಿನ ಕೆಲಸ ಮುಗೀತು. ನನ್ನ ಪ್ರಕಾರ ನಿಜವಾದ ಕೆಲಸ ಶುರುವಾಗೋದು ಈಗ. ಕಾರಿನ ಕೆಳಗೆ ತಟ್ಟೆಯಲ್ಲಿ ಮೂರೂವರೆ ಲೀಟರ್ ಕಪ್ಪು ಎಣ್ಣೆ ಇದೆ. ಇದನ್ನ ಏನು ಮಾಡ್ತೀರಿ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಊರಿನಲ್ಲಿ. 2020ರ ಲಾಕ್‌ಡೌನಿನಲ್ಲಿ ಊರಿನಿಂದಲೇ ಕೆಲಸ ಮಾಡ್ತಿದ್ದೆ. ಮಳೆ ಹಿಡಿಯೋ ಮೊದಲು ಅಪ್ಪ ಟಿಲ್ಲರಿನ ಆಯಿಲ್ ಬದಲಾಯಿಸಿದ. ಬೇಕಾದಷ್ಟನ್ನ ಒಂದು ಡಬ್ಬಕ್ಕೆ ಹಿಡಿದುಕೊಂಡ. ಬೇಲಿ ಗೂಟಕ್ಕೆ, ಕೊಟ್ಟಿಗೆ ಕಂಬದ ಬುಡಕ್ಕೆ ಬಳಿದರೆ ಗೆದ್ದಲು ಹತ್ತಲ್ಲ ಅಂತ ನಮ್ಮ ಕಡೆ ಎಲ್ಲರೂ ಹಾಗೇ ಮಾಡೋದು. ಮಿಕ್ಕಿದ್ದು ಕೊಟ್ಟಿಗೆ ಹಿಂದಿನ ಮಣ್ಣಿಗೆ. ಆ ಮಣ್ಣು ಇಳಿಜಾರಿನಲ್ಲಿದೆ, ಇಳಿಜಾರಿನ ಕೆಳಗೆ ನಮ್ಮ ಕುಡಿಯೋ ನೀರಿನ ಬಾವಿ ಇದೆ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಬಾವಿಕಟ್ಟೆಯಿಂದ ಹತ್ತು ಹೆಜ್ಜೆ ದೂರದ ಗುಂಡಿಯ ನೀರಿನ ಮೇಲೆ ಕಾಮನಬಿಲ್ಲು ತೇಲ್ತಾ ಇತ್ತು. ಚಂದ ಕಾಣ್ತಿತ್ತು, ಅದೇ ಹೆದರಿಕೆ.

ಅಮ್ಮ ಕೊಡ ಹಿಡಿದು ನಿಂತು ಅದನ್ನೇ ನೋಡ್ತಿದ್ದಳು. “ಇದು ವರ್ಷವೂ ಬರ್ತದೆ” ಅಂದಳು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇ.ಪಿ.ಎ. ಒಂದು ಲೆಕ್ಕ ಹೇಳುತ್ತೆ. ಒಂದು ಸಲ ಬದಲಾಯಿಸಿದ ಕಾರಿನ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನ ಕೆಡಿಸಬಲ್ಲದು. ನಮ್ಮ ಲೆಕ್ಕದಲ್ಲಿ ಸುಮಾರು 38 ಲಕ್ಷ ಲೀಟರ್, 50 ಜನಕ್ಕೆ ಒಂದು ವರ್ಷಕ್ಕಾಗೋ ನೀರು. ನಾನು ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಎಂಜಿನ್ನಿನಲ್ಲಿ ಸವೆದ ಲೋಹದ ಪುಡಿ, ಮಸಿ ಎಲ್ಲ ಅದರಲ್ಲಿರುತ್ತೆ ಅಂದೆ. ಚರ್ಮಕ್ಕೆ ಪದೇ ಪದೇ ತಾಗಿಸಿಕೊಳ್ಳಬೇಡಿ ಅಂತ ಹೊಸ ಡಬ್ಬದ ಮೇಲೇ ಬರೆದಿರೋದನ್ನ ತೋರಿಸಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಅಡಿಕೆ ಕತ್ತರಿಸ್ತಾ ಕೇಳಿದ:

“ಸರಿ ಮಾರಾಯ. ನಂದೊಂದು ಟಿಲ್ಲರು. ನಿಮ್ಮ ಬೆಂಗಳೂರಲ್ಲಿ ಲಕ್ಷಗಟ್ಟಲೆ ಕಾರು. ಅದರ ಎಣ್ಣೆ ಎಲ್ಲ ಎಲ್ಲಿಗೆ ಹೋಗ್ತದೆ?”

ಕಾರು ಗ್ಯಾರೇಜಿಗೆ ಬಿಡ್ತಿದ್ದಾಗ ಆ ಪ್ರಶ್ನೆ ಬೇರೆಯವರದಾಗಿತ್ತು. ಮರುವರ್ಷ ನಾನೇ ಬೋಲ್ಟ್ ಬಿಚ್ಚಿದ ದಿನ ಅದು ತಟ್ಟೆಯಲ್ಲಿ ತುಂಬಿಕೊಂಡು ನನ್ನೆದುರಿಗೇ ಕೂತಿತ್ತು. ಅದನ್ನ ಅದೇ ಎಣ್ಣೆಯ ಖಾಲಿ ಕ್ಯಾನಿಗೆ ಸುರಿದು, ಮುಚ್ಚಳ ಬಿಗಿ ಮಾಡಿ, ಮುಂದಿನ ಶನಿವಾರ ಅಪ್ಪನ ಪ್ರಶ್ನೆ ಹಿಡಿದುಕೊಂಡು ಹೊರಟೆ.

ಮೊದಲನೇ ಗ್ಯಾರೇಜಿನಲ್ಲಿ “ಇಲ್ಲೇ ಡ್ರಮ್ಮಿಗೆ ಹಾಕಿ ಸಾರ್” ಅಂದರು. ಡ್ರಮ್ ತುಂಬಿದ ಮೇಲೆ ಎಲ್ಲಿಗೆ ಅಂತ ಕೇಳಿದೆ. “ಬರ್ತಾರೆ, ದುಡ್ಡು ಕೊಟ್ಟು ತಗೊಂಡು ಹೋಗ್ತಾರೆ. ಸೆಂಟ್ರಿಂಗ್‌ನೋರು, ಅವರು ಇವರು.” ಸೆಂಟ್ರಿಂಗ್ ಅಂದರೆ ಮನೆ ಕಟ್ಟುವಾಗ ಮೋಲ್ಡ್ ಹಾಕೋಕೆ ಕೂರಿಸೋ ಹಲಗೆ, ಶೀಟು. ಕಾಂಕ್ರೀಟ್ ಅಂಟದಿರಲಿ ಅಂತ ಅವಕ್ಕೆ ಹಳೇ ಎಣ್ಣೆ ಬಳೀತಾರೆ. ಮಳೆ ಬಂದರೆ ಅದು ಚರಂಡಿಗೆ. ಚರಂಡಿಯಿಂದ ಕೆರೆಗೆ. ನಮ್ಮೂರಿನ ಇಳಿಜಾರಿಗೂ ಇದಕ್ಕೂ ಇರೋ ವ್ಯತ್ಯಾಸ ಅಂದರೆ ಇಲ್ಲಿ ಕೊಡ ಹಿಡಿದು ನಿಂತು ನೋಡೋಕೆ ಅಮ್ಮ ಇಲ್ಲ.

ಹಾಗಂತ ಕಾನೂನು ಇಲ್ಲ ಅಂದ್ಕೋಬೇಡಿ. ಕೇಂದ್ರ ಸರ್ಕಾರದ 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನ ಶುದ್ಧ ಮಾಡೋ ಘಟಕಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರಬೇಕು. 2023ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸಿ ಮಾರೋ ಕಂಪನಿಗಳ ಮೇಲೇ ಹಳೇ ಎಣ್ಣೆಯ ಮರುಬಳಕೆಯ ಹೊಣೆ ಹೊರಿಸಿದೆ. ಯಾಕಂದ್ರೆ ಎಣ್ಣೆ ನಿಜಕ್ಕೂ ಸತ್ತಿರಲ್ಲ. ಅದರಲ್ಲಿ ಬೆರೆಸಿದ್ದ ರಾಸಾಯನಿಕಗಳು ಖರ್ಚಾಗಿರುತ್ತವೆ, ಕೊಳೆ ಸೇರಿರುತ್ತೆ. ಮೂಲ ಎಣ್ಣೆಯ ಬಹುಪಾಲನ್ನ ಸೋಸಿ, ಬಟ್ಟಿ ಇಳಿಸಿ ಮತ್ತೆ ಬಳಸಬಹುದು. ಅಪ್ಪ ತಾಮ್ರದ ವಾಷರಿಗೆ ಮಾಡ್ತಿದ್ದದ್ದೂ ಇದೇ ಅಲ್ವಾ?

ಮೂರನೇ ಜಾಗದಲ್ಲಿ, ಒಂದು ದೊಡ್ಡ ಸರ್ವೀಸ್ ಸೆಂಟರಿನಲ್ಲಿ, ಸರಿಯಾದ ಉತ್ತರ ಸಿಕ್ತು. ಅಲ್ಲಿನ ಸ್ಟೋರ್ಸ್ ನೋಡಿಕೊಳ್ಳೋ ಹಿರಿಯರು ಮೊದಲು ನನ್ನನ್ನ ಅನುಮಾನದಿಂದ ನೋಡಿದರು. ಎಣ್ಣೆಗೆ ದುಡ್ಡು ಕೇಳೋಕೆ ಬಂದಿಲ್ಲ ಅಂತ ಖಾತ್ರಿಯಾದ ಮೇಲೆ ಕಪಾಟಿನಿಂದ ಒಂದು ಫೈಲ್ ತೆಗೆದರು. ಯಾವ ದಿನ ಎಷ್ಟು ಲೀಟರ್ ಯಾವ ಘಟಕಕ್ಕೆ ಹೋಯ್ತು ಅಂತ ಸಹಿ ಸಮೇತ ಚೀಟಿಗಳು. “ಇಷ್ಟು ವರ್ಷದಲ್ಲಿ ಇದನ್ನ ಕೇಳಿದ ಕಸ್ಟಮರ್ ನೀವೊಬ್ಬರೇ” ಅಂದರು. ಅವತ್ತಿನಿಂದ ನನ್ನ ಮೂರೂವರೆ ಲೀಟರ್ ಅವರ ಬ್ಯಾರೆಲ್ಲಿಗೆ ಹೋಗುತ್ತೆ.

ಈಗ ಊರಿನಲ್ಲೂ ಟಿಲ್ಲರಿನ ಎಣ್ಣೆ ಮಣ್ಣಿಗೆ ಹೋಗಲ್ಲ. ನಾನು ಹೇಳಿದ್ದಕ್ಕೆ ಅಂತ ಅಪ್ಪ ಒಪ್ಪಲ್ಲ, ಅಮ್ಮನ ಕಾಟ ತಡೆಯೋಕಾಗಲಿಲ್ಲ ಅಂತಾನೆ. ಕ್ಯಾನಿಗೆ ತುಂಬಿ ಕೊಟ್ಟಿಗೆ ಮಾಡಿನ ಕೆಳಗೆ ಇಡ್ತಾನೆ, ಹಬ್ಬಕ್ಕೆ ಹೋದಾಗ ನಾನು ಡಿಕ್ಕಿಯಲ್ಲಿ ಹಾಕ್ಕೊಂಡು ಬರ್ತೀನಿ. ಹೋಗುವಾಗ ಬಟ್ಟೆ ಬ್ಯಾಗು, ಬರುವಾಗ ಉಪ್ಪಿನಕಾಯಿ, ತೆಂಗಿನಕಾಯಿ ಮತ್ತು ಒಂದು ಕ್ಯಾನ್ ಸುಟ್ಟ ಎಣ್ಣೆ. ಹೆಂಡತಿ ಉಪ್ಪಿನಕಾಯಿಯ ಡಬ್ಬವನ್ನ ಮಡಿಲಲ್ಲಿ ಇಟ್ಕೊಂಡು ಕೂರ್ತಾಳೆ. ಬೇಲಿ ಗೂಟಕ್ಕೆ ಬಳಿಯೋದನ್ನ ಮಾತ್ರ ಅಪ್ಪ ಇನ್ನೂ ಪೂರ್ತಿ ಬಿಟ್ಟಿಲ್ಲ. ಬಾವಿಯಿಂದ ದೂರದ ಗೂಟಕ್ಕೆ ಮಾತ್ರ ಅಂತ ಒಂದು ಒಪ್ಪಂದಕ್ಕೆ ಬಂದಿದೀವಿ. ಗೆದ್ದಲಿಗೆ ಬೇರೆ ಏನು ಮಾಡಬಹುದು ಅಂತ ನಾನು ಹೇಳೋವರೆಗೆ ಆ ಒಪ್ಪಂದ ಜಾರಿಯಲ್ಲಿರುತ್ತೆ.

ಕಳೆದ ಸಲ ಅಪ್ಪ ಬೆಂಗಳೂರಿಗೆ ಬಂದಿದ್ದಾಗ ನಾನು ಆಯಿಲ್ ಬದಲಾಯಿಸೋದನ್ನ ಕುರ್ಚಿ ಹಾಕ್ಕೊಂಡು ನೋಡಿದ. ಹಳೇ ವಾಷರನ್ನ ಕಸದ ಡಬ್ಬಿಗೆ ಹಾಕಿದಾಗ ಅವನ ಮುಖ ಸಣ್ಣಗಾಯ್ತು. ಅದು ಯಾಕೆ ಮತ್ತೆ ಬರಲ್ಲ ಅಂತ ಹೇಳಿದೆ, ಅಲ್ಯೂಮಿನಿಯಮ್ಮಿನ ಕಥೆಯನ್ನೂ ಹೇಳಿದೆ. “ಹೌದು, ಅದು ಹೇಳದೇ ಕರಗ್ತದೆ” ಅಂದ. ಗೊತ್ತಿತ್ತು ಅವನಿಗೆ. ನನ್ನ ಪುಸ್ತಕದ ಜ್ಞಾನವೆಲ್ಲ ಅವನ ಒಲೆಯಲ್ಲಿ ಯಾವತ್ತೋ ಕರಗಿ ನೋಡಿದ್ದೇ. ಊರಿಗೆ ಹೋದ ಮೇಲೆ ಫೋನ್ ಮಾಡಿದಾಗ ಅಮ್ಮ ಹೇಳಿದಳು, ಅಪ್ಪ ಆ ವಾಷರನ್ನ ಕಿಸೆಯಲ್ಲಿ ಹಾಕ್ಕೊಂಡು ಬಂದು, ಅಡಿಕೆ ಚಪ್ಪರದ ತಾಡಪಾಲಿಗೆ ಹೊಡೆದ ಮೊಳೆಯ ಕೆಳಗೆ ಇಟ್ಟಿದಾನಂತೆ. ತಾಡಪಾಲು ಹರಿಯಲ್ಲವಂತೆ.

ನಿಮಗೆಲ್ಲ ಕಾರಿನ ಕೆಳಗೆ ಮಲಗಿ ಅಂತ ನಾನು ಹೇಳಲ್ಲ. ಅಪಾರ್ಟ್‌ಮೆಂಟಿನ ನಿಯಮ, ಸೊಂಟ ನೋವು, ಹೆಂಡತಿ ಅಥವಾ ಗಂಡ, ನೂರೆಂಟು ತೊಡಕು ಇರುತ್ತವೆ. ಮುಂದಿನ ಸಲ ಕಾರು ಸರ್ವೀಸಿಗೆ ಬಿಟ್ಟಾಗ ಬಿಲ್ ಕೈಗೆ ಬರೋ ಮೊದಲು ಎರಡೇ ಪ್ರಶ್ನೆ ಕೇಳಿ. “ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿದ್ರಾ? ನನ್ನ ಹಳೇ ಎಣ್ಣೆ ಯಾರಿಗೆ ಕೊಡ್ತೀರಿ?” ಮೊದಲನೆಯದಕ್ಕೆ ಬಿಲ್ಲಿನಲ್ಲಿ ಒಂದು ಸಣ್ಣ ಸಾಲು ಇರುತ್ತೆ, ಹುಡುಕಿ. ಎರಡನೆಯದನ್ನ ಕೇಳಿದಾಗ ಅವರು ನಿಮ್ಮನ್ನ ವಿಚಿತ್ರವಾಗಿ ನೋಡ್ತಾರೆ. ನೋಡಲಿ ಬಿಡಿ. ಹತ್ತು ಜನ ಕೇಳಿದ ಮೇಲೆ ಹನ್ನೊಂದನೆಯವರನ್ನ ಹಾಗೆ ನೋಡಲ್ಲ.